ಏಳರಲ್ಲಿ ಏಳನೆಯದು

ಬೆಳಿಗ್ಗೆ ಎಂಟರ ಹೊತ್ತಿಗೆ ಮಧ್ವರಾಜ ಕಾಗದದ ಎಡಗಡೆ ಒಂದರಿಂದ ಏಳರವರೆಗೆ ಅಂಕಿಗಳನ್ನು ಬರೆದು, ಒಂದೊಂದರ ಮುಂದೆಯೂ ಒಂದು ಚುಕ್ಕೆ ಇಟ್ಟು, ದೊಡ್ಡ ಕೆಲಸ ಮುಗಿಸಿದವನಂತೆ ಪೆನ್ನಿನ ಮುಚ್ಚಳ ಹಾಕಿದ. ಬೇಲಾಪುರದ ಆಫೀಸಿಗೆ ರಜೆ ಹಾಕಿದ್ದು ಇದೊಂದಕ್ಕಾಗಿ. ಉಪನಗರ ಕನ್ನಡ ಕೂಟದ ಸ್ಮರಣ ಸಂಚಿಕೆಯಲ್ಲಿ ಅಧ್ಯಕ್ಷರ ಸಂದೇಶಕ್ಕೂ ಮಹಿಳಾ ವಿಭಾಗದ ವರದಿಗೂ ನಡುವೆ ನಾಲ್ಕು ಪುಟ ಖಾಲಿ ಬಿದ್ದಿದ್ದವು. ಏಳು ವರ್ಷಗಳ ಹಿಂದೆ, ತೊಂಬತ್ತರ ಜನವರಿಯಲ್ಲಿ, ಕೂಟ ಡೊಂಬಿವಲಿಯ ಶಾಲೆಯೊಂದರ ಹಾಲಿನಲ್ಲಿ ನಡೆಸಿದ ಚಲನಚಿತ್ರೋತ್ಸವದ ಸ್ಪರ್ಧಾ ವಿಭಾಗದ ಏಳು ಚಿತ್ರಗಳನ್ನು ಅವನು ಇಂದಿನ ಕಣ್ಣಿನಿಂದ ನೋಡಿ, ಹೊಸದಾಗಿ ಸ್ಥಾನ ಕೊಟ್ಟು, ಆ ಪುಟಗಳನ್ನು ತುಂಬಿಸಬೇಕಿತ್ತು. "ಮೂವರು ಜಡ್ಜುಗಳಲ್ಲಿ ಈಗ ಉಳಿದದ್ದು ನೀವೊಬ್ಬರೇ ಸರ್," ಎಂದು ಕಾರ್ಯದರ್ಶಿ ದೇವದಾಸ್ ಫೋನಿನಲ್ಲಿ ಹೇಳಿದ್ದ. "ಪ್ರಿನ್ಸಿಪಾಲರು ತೀರಿಹೋದ್ರು, ಕಣ್ಣಿನ ಡಾಕ್ಟ್ರು ಕೆನಡಾಕ್ಕೆ ಹೋದ್ರು. ಹಾಗಾಗಿ ನೀವು ಹೇಳಿದ್ದೇ ಫೈನಲ್. ಸಂಜೆ ಆರಕ್ಕೆ ಪ್ರೆಸ್ಸಿನವ ಬರ್ತಾನೆ, ಅರ್ಜೆಂಟ್ ಉಂಟು." ಆ ಚಿತ್ರಗಳನ್ನು ಈಗ ಎಲ್ಲಿ ನೋಡುವುದು ಎಂದು ಮಧ್ವರಾಜ ಕೇಳಿದ. "ನೋಡೋದು ಬೇಡ ಸರ್. ಮರುನೋಟ ಬರೆದ್ರೆ ಸಾಕು," ಎಂದ ದೇವದಾಸ್, ಸ್ವಲ್ಪವೂ ನಗದೆ.

ಸ್ಥಾನ ಕೊಡುವುದೇನೂ ಮಧ್ವರಾಜನಿಗೆ ಹೊಸತಲ್ಲ. ಡೊಂಬಿವಲಿಯಿಂದ ಕುರ್ಲಾ, ಕುರ್ಲಾದಿಂದ ಬೇಲಾಪುರ ಎಂದು ದಿನಕ್ಕೆ ನಾಲ್ಕು ಸಲ ಗಾಡಿ ಹತ್ತಿ ಇಳಿಯುವ ಮನುಷ್ಯ ತಲೆಯೊಳಗೆ ಏನನ್ನಾದರೂ ಮಾಡುತ್ತಿರಬೇಕಾಗುತ್ತದೆ. ಕೆಲವರು ಭಜನೆ ಮಾಡುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಇವನು ಸ್ಥಾನ ಕೊಡುತ್ತಿದ್ದ. ಕಿಟಕಿ ಪಕ್ಕದ ಸೀಟುಗಳಿಗೆ, ಟಿಕೆಟ್ ಚೆಕ್ಕರುಗಳ ಮೀಸೆಗಳಿಗೆ, ಕೂಟದಲ್ಲಿ ನಡೆದ ಸಂತಾಪ ಸಭೆಗಳ ಭಾಷಣಗಳಿಗೆ. ಹೆಂಡತಿ ವನಮಾಲಾಳ ಸಾರುಗಳಲ್ಲಿ ಎಂಬತ್ತೆಂಟರ ದೀಪಾವಳಿಯದು ಇನ್ನೂ ಮೊದಲ ಸ್ಥಾನದಲ್ಲಿತ್ತು. ಅದನ್ನು ಹೊಗಳಿಕೆ ಎಂದುಕೊಂಡು ಹೇಳಿದ ದಿನದಿಂದ ಅವಳು ಸಾರಿಗೆ ಇಂಗು ಹಾಕುವುದನ್ನೇ ಬಿಟ್ಟಿದ್ದಳು. ಮಾವನ ಹನ್ನೆರಡನೆಯ ದಿನದ ಊಟಕ್ಕೆ ಕೂತಾಗ ಪಂಕ್ತಿಯಲ್ಲಿದ್ದವರ ದುಃಖಕ್ಕೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಹಾಕುತ್ತ ಹೋಗಿ, ತಾನು ಒಂಬತ್ತನೆಯವನಾಗಿ ಬಂದದ್ದಕ್ಕೆ ನಾಚಿದ್ದ. ಅಂಥವನಿಗೆ ಇವತ್ತು ಏಳು ಅಂಕಿಗಳ ಮುಂದೆ ಏಳು ಹೆಸರು ಬರೆಯಲಾಗುತ್ತಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ನಡುವಿನ ಐದರ ಬಗ್ಗೆ ಅವನಿಗೆ ತಕರಾರೇ ಇರಲಿಲ್ಲ. ಒಂದು ಮತ್ತು ಏಳು, ಇವೆರಡೇ ಅವನ ಹೊಟ್ಟೆಯೊಳಗೆ ಕೂತಿದ್ದವು.

"ಎಂತ, ಬರೀ ನಂಬರ್ ಮಾತ್ರವಾ?" ಎಂದಳು ವನಮಾಲಾ, ಕಾಫಿ ಲೋಟವನ್ನು ಕಾಗದದ ಮೇಲೆಯೇ ಇಡುತ್ತ.

"ಯೋಚನೆ ಮಾಡ್ತಾ ಇದ್ದೇನೆ."

"ಅದರಲ್ಲಿ ಯೋಚನೆ ಎಂತದ್ದು? ಪೂವಪ್ಪನವರಿಗೆ ಈ ಸಲ ಒಂದು ಒಳ್ಳೆ ನಂಬರ್ ಹಾಕಿ. ಪಾಪ, ಅವರು ತಮ್ಮ ಸಿನಿಮಾ ಓಡ್ತಾ ಇರುವಾಗ ಹಿಂದೆ ನಿಂತು ನಿಮಗೆಲ್ಲ ಅಡುಗೆ ಮಾಡಿಸಿದ್ದು. ಅಷ್ಟು ಒಳ್ಳೆ ಪಾಯಸ ಕುಡಿದು ಏಳನೇ ನಂಬರ್ ಕೊಟ್ರಲ್ಲ."

"ಪಾಯಸಕ್ಕೂ ಸಿನಿಮಾಕ್ಕೂ ಎಂತ ಸಂಬಂಧ?"

"ಸಂಬಂಧ ಇಲ್ಲದಿದ್ರೆ ಮೂರು ಸಲ ಯಾಕೆ ಹಾಕಿಸಿಕೊಂಡದ್ದು?" ಎಂದು ಅವಳು ಒಳಗೆ ಹೋದಳು.

ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಲೋಟ ಎತ್ತಿದಾಗ ಕಾಗದದ ಮೇಲೆ ಮೂರನ್ನೂ ನಾಲ್ಕನ್ನೂ ಸುತ್ತಿಕೊಂಡು ಒಂದು ಕಾಫಿಯ ವೃತ್ತ ಉಳಿದಿತ್ತು. ಮೂರು ಮತ್ತು ನಾಲ್ಕು. ಅವನು ಲೋಟವನ್ನು ಮತ್ತೆ ಅದರ ಮೇಲೆಯೇ ಇಟ್ಟ. ಹದಿನಾರು ಎಂ.ಎಂ.ನ ಏಳು ಚಿತ್ರಗಳು, ಒಂದೊಂದಕ್ಕೆ ನಾಲ್ಕು ನಾಲ್ಕು ಡಬ್ಬ, ಒಟ್ಟು ಇಪ್ಪತ್ತೆಂಟು ತಗಡಿನ ಡಬ್ಬಗಳನ್ನು ಕಲ್ಯಾಣ ಸ್ಟೇಷನ್ನಿನಿಂದ ತಂದವನು ಮಹಾದೇವಪ್ಪ, ಬಿಜಾಪುರದ ಕಡೆಯಿಂದ ಬಂದು ಅಲ್ಲಿ ಮೂಟೆ ಹೊರುತ್ತಿದ್ದವನು. ಡಬ್ಬಗಳ ಮೇಲೆ ಬಣ್ಣದಲ್ಲಿ ಬರೆದ ಒಂದು, ಎರಡು, ಮೂರು, ನಾಲ್ಕು ಮಾತ್ರ ಇದ್ದವು. ಚಿತ್ರದ ಹೆಸರಿನ ಚೀಟಿಗಳು ದಾರಿಯಲ್ಲೇ ಕಿತ್ತುಹೋಗಿದ್ದವು. ಓದು ಬಾರದ ಮಹಾದೇವಪ್ಪ ಇಳಿಸಿಕೊಳ್ಳುವಾಗಲೇ ತನ್ನ ಹಳೆಯ ಲುಂಗಿಗಳನ್ನು ಹರಿದು, ಒಂದು ಚಿತ್ರದ ನಾಲ್ಕಕ್ಕೂ ಕೆಂಪು ಪಟ್ಟಿ, ಇನ್ನೊಂದರ ನಾಲ್ಕಕ್ಕೂ ನೀಲಿ ಚೌಕಳಿ, ಹೀಗೆ ಏಳು ಬಗೆಯ ಗುರುತು ಕಟ್ಟಿದ್ದ. ಇಡೀ ಉತ್ಸವದಲ್ಲಿ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ. ಅದನ್ನು ಕೆಡಿಸಿದವನು ಮಧ್ವರಾಜ. ಉದ್ಘಾಟನೆಗೆ ಬರೀ ದೀಪ ಹಚ್ಚಿದರೆ ಸಾಲದು, ಚಿತ್ರದ ಡಬ್ಬಗಳಿಗೂ ಆಯುಧಪೂಜೆಯ ಹಾಗೆ ಒಂದು ಪೂಜೆ ಆಗಬೇಕೆಂದು ಹಟ ಹಿಡಿದವನೂ ಅವನೇ, ಕುಂಕುಮ ಹಚ್ಚಲು ಹೋಗಿ ಬೆವರಿನ ಲುಂಗಿಯ ಚಿಂದಿಗೆ ಕೈ ತಗಲಿ ಹೇಸಿದವನೂ ಅವನೇ. "ಸಾಹೇಬ್ರ, ಅವನ್ನ ಬಿಚ್ಚಬ್ಯಾಡ್ರಿ. ಗುರ್ತಿಗಿ ಕಟ್ಟೀನಿ," ಎಂದಿದ್ದ ಮಹಾದೇವಪ್ಪ. "ಗುರುತು ನನಗೆ ಗೊತ್ತುಂಟು ಮಾರಾಯ. ದೇವರ ಎದುರು ಲುಂಗಿ ಬಟ್ಟೆ ಇಡ್ಲಿಕ್ಕೆ ಆಗ್ತದಾ?" ಎಂದು ಇವನು. "ಒಗದದ್ದೈತ್ರಿ," ಎಂದು ಅವನು ಮೆಲ್ಲಗೆ ಹೇಳಿದ್ದು ಈಗಲೂ ಕೇಳುತ್ತದೆ. ಇಪ್ಪತ್ತೆಂಟೂ ಚಿಂದಿ ಬಿಚ್ಚಿ ಇಪ್ಪತ್ತೆಂಟಕ್ಕೂ ಅರಿಸಿನದ ದಾರ ಕಟ್ಟಿ ಏಳು ಸಾಲು ಮಾಡಿಟ್ಟ. ಆಮೇಲೆ ರಂಗೋಲಿಗೆ ಜಾಗ ಸಾಲದೆಂದು ಮಹಿಳಾ ವಿಭಾಗದವರು ಎರಡು ಸಾಲುಗಳನ್ನು ಎತ್ತಿ ಮತ್ತೆ ಇಟ್ಟರು. ಎರಡೂ ಸಾಲಿನ ಮೊದಲೆರಡು ಡಬ್ಬಗಳು ತಮ್ಮ ತಮ್ಮ ಸಾಲಿನಲ್ಲೇ ಉಳಿದವು. ಮೂರನೆಯದೂ ನಾಲ್ಕನೆಯದೂ ಒಂದು ಸಾಲಿನಿಂದ ಇನ್ನೊಂದಕ್ಕೆ ಅದಲುಬದಲಾದವು.

ಆ ಎರಡು ಸಾಲುಗಳಲ್ಲಿ ಒಂದು 'ಹಿತ್ತಿಲ ಮೆಟ್ಟಿಲು', ಬೆಂಗಳೂರಿನ ಗಡ್ಡದ ನಿರ್ದೇಶಕನೊಬ್ಬನದು. ಇನ್ನೊಂದು 'ನೆಲಕ್ಕಿಡಬೇಡ', ಥಾಣೆಯ ನೌಪಾಡಾದಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದ ಪೂವಪ್ಪ ನಾಲ್ಕು ವರ್ಷ ಭಾನುವಾರಗಳಂದು ತೆಗೆದದ್ದು. ಮೊದಲ ದಿನ ಹಿತ್ತಿಲ ಮೆಟ್ಟಿಲು. ಒಬ್ಬ ವಿಧವೆ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿಚುಕತೊಡಗಿದಳು. ಐವತ್ತು ನಿಮಿಷ ಹಿಚುಕಿದಳು. ಹಾಲಿನಲ್ಲಿದ್ದವರು ಹನ್ನೊಂದು ಜನ, ಎಚ್ಚರವಿದ್ದವರು ನಾಲ್ವರು. ಪ್ರತಿ ಸಮಿತಿಯಲ್ಲೂ ಒಬ್ಬ ಡಾಕ್ಟರು ಇರಬೇಕೆಂಬ ಕೂಟದ ನಿಯಮದ ಪ್ರಕಾರ ತೀರ್ಪುಗಾರರಾಗಿದ್ದ ಕಣ್ಣಿನ ಡಾಕ್ಟರರು ಕಣ್ಣು ಮುಚ್ಚಿದ್ದರು. ಮೂರನೆಯ ಡಬ್ಬ ಶುರುವಾಯಿತು. ವಿಧವೆಯಿಲ್ಲ, ಮೆಟ್ಟಿಲಿಲ್ಲ. ಕಲ್ಯಾಣ ಸ್ಟೇಷನ್ನಿನ ಸೇತುವೆ, ನೂರಾರು ಜನ, ಅವರ ನಡುವೆ ಮೂಟೆ ಹೊತ್ತು ನಿಂತ ಒಬ್ಬ ಕೂಲಿ. ಆ ಕೂಲಿ ಬೆಳಿಗ್ಗೆ ಡಬ್ಬಗಳನ್ನು ತಂದ ಮಹಾದೇವಪ್ಪ. ಪೂವಪ್ಪ ಅವನನ್ನೇ ನಾಯಕನನ್ನಾಗಿ ಹಾಕಿದ್ದ. ಮಧ್ವರಾಜನಿಗೆ ಏನಾಗಿದೆಯೆಂದು ಆ ಕ್ಷಣವೇ ಗೊತ್ತಾಯಿತು. ಎದ್ದು ನಿಂತು ನಿಲ್ಲಿಸಿ ಎನ್ನಲು ಬಾಯಿ ತೆರೆದೂ ಇದ್ದ. ಆಗ ಪ್ರಿನ್ಸಿಪಾಲರು ಅವನ ಕೈ ಹಿಡಿದರು. "ನೋಡಿದಿರಾ ಮಧ್ವರಾಜ್? ಹಿತ್ತಿಲಿನಿಂದ ಒಮ್ಮೆಲೇ ಜನಸಾಗರಕ್ಕೆ. ಕಾಳಿನ ಭಾರವೇ ಮೂಟೆಯ ಭಾರ. ಎಂಥ ಧೈರ್ಯ." ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ದೊಡ್ಡವರು ಅಷ್ಟು ಸಂತೋಷದಲ್ಲಿರುವಾಗ ಡಬ್ಬ ತಪ್ಪಿದೆ ಎನ್ನುವುದು ಹೇಗೆ? "ಹೌದು ಸರ್, ಧೈರ್ಯದ ಕಟ್," ಎಂದ ಮಧ್ವರಾಜ. ತನ್ನ ಜೀವಮಾನದ ನೀಚ ಮಾತುಗಳಲ್ಲಿ ಅದಕ್ಕೆ ಅವನು ಇವತ್ತಿಗೂ ಮೊದಲ ಸ್ಥಾನ ಕೊಡುತ್ತಾನೆ.

ಆದರೆ ಆಮೇಲೆ ಆದದ್ದು ಅವನು ಯಾರಿಗೂ ಹೇಳದ ಇನ್ನೊಂದು ಸಂಗತಿ. ಅವನು ಆ ಚಿತ್ರವನ್ನು ನೋಡಿದ. ಮೂಟೆಯ ಯಜಮಾನ ಜನಜಂಗುಳಿಯಲ್ಲಿ ಕಳೆದುಹೋಗಿದ್ದಾನೆ. ದೇವರ ಅಕ್ಕಿ, ನೆಲಕ್ಕಿಡಬೇಡ ಎಂದು ಹೇಳಿ ಹೋಗಿದ್ದಾನೆ. ಕೂಲಿ ಇಡುವುದಿಲ್ಲ. ಹೆಗಲು ಬದಲಿಸುತ್ತಾನೆ, ನಿಂತೇ ಚಹಾ ಕುಡಿಯುತ್ತಾನೆ, ಯಜಮಾನನನ್ನು ಹುಡುಕುತ್ತ ಅಂಬರನಾಥಕ್ಕೆ ಹೋಗುತ್ತಾನೆ, ಅಲ್ಲಿಯ ಶಿವ ಮೆಟ್ಟಿಲಿಳಿದು ಹೋಗಬೇಕಾದ ಗುಂಡಿಯಲ್ಲಿರುವುದರಿಂದ ಮೂಟೆಸಮೇತ ಇಳಿಯಲಾರದೆ ಹೊರಗೇ ನಿಂತು ಮುಖ ಬಾಗಿಸುತ್ತಾನೆ. ಸಂಜೆಯಾಗುತ್ತದೆ. ಸೊಪ್ಪು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಬಂದು, ಒಂದು ಮಾತೂ ಆಡದೆ, ಮೂಟೆಯ ಇನ್ನೊಂದು ತುದಿಗೆ ತನ್ನ ತಲೆ ಕೊಡುತ್ತಾಳೆ. ಅಷ್ಟು ಹೊತ್ತು ಓರೆಯಾಗಿದ್ದ ಅವನ ಕತ್ತು ನೆಟ್ಟಗಾಗುತ್ತದೆ. ಅಷ್ಟೇ. ಮಧ್ವರಾಜ ಆ ಕತ್ತಲಲ್ಲಿ ಅತ್ತಿದ್ದ. ಯಾಕೆ ಅತ್ತೆನೆಂದು ಅವನಿಗೆ ಈಗಲೂ ಗೊತ್ತಿಲ್ಲ. ತನಗೆ ಯಾರೂ ಹಾಗೆ ತಲೆ ಕೊಟ್ಟಿರಲಿಲ್ಲವೆಂದೋ, ತಾನು ಯಾರಿಗೂ ಕೊಟ್ಟಿರಲಿಲ್ಲವೆಂದೋ. ದೀಪ ಹತ್ತಿದಾಗ ಪ್ರಿನ್ಸಿಪಾಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಡಾಕ್ಟರರು ಎದ್ದು ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ನೆಲಕ್ಕಿಡಬೇಡ. ಪೂವಪ್ಪ ಹಾಲಿನಲ್ಲಿ ಕೂರಲಿಲ್ಲ. ಹೋಟೆಲಿನವನು ತಾನೇ ಎಂದು ತೀರ್ಪುಗಾರರ ಊಟದ ಉಸ್ತುವಾರಿಯನ್ನು ಕೂಟದವರು ಅವನಿಗೇ ಹಚ್ಚಿದ್ದರು. ಎರಡೂ ದಿನ ಅವನು ಶಾಲೆಯ ಹಿಂದಿನ ಶೆಡ್ಡಿನಲ್ಲಿ ಸಾಂಬಾರಿನ ಎದುರು ನಿಂತಿದ್ದ. ಪರದೆಯ ಮೇಲೆ ಮಹಾದೇವಪ್ಪ ಮೂಟೆ ಹೊತ್ತ, ಯಜಮಾನನ ಮಾತಿಗೆ ತಲೆಯಾಡಿಸಿದ. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಮಿಸುಕಾಡಿದರು. ಮೂರನೆಯ ಡಬ್ಬದಲ್ಲಿ ವಿಧವೆ ಬಂದು ಮತ್ತೆ ಐವತ್ತು ನಿಮಿಷ ಅವರೆಕಾಳು ಹಿಚುಕಿ ಸತ್ತಳು. "ಇವಳು ನಿನ್ನೆಯವಳೇ ಅಲ್ವಾ?" ಎಂದು ಡಾಕ್ಟರರು ಎಚ್ಚರಗೊಂಡು ಕೇಳಿದರು. ಅದೊಂದು ಗಳಿಗೆ, ಸತ್ಯ ತಾನಾಗಿ ಬಂದು ಬಾಗಿಲು ತಟ್ಟಿದ ಗಳಿಗೆ. "ಅವಳೂ ಅವಳೇ, ಕೂಲಿಯೂ ಅವನೇ," ಎಂದರು ಪ್ರಿನ್ಸಿಪಾಲರು ಸಿಟ್ಟಿನಿಂದ. "ನಿನ್ನೆಯ ಚಿತ್ರದ ಹಸಿ ನಕಲು. ನಾಚಿಕೆ ಇಲ್ಲದವರು ನಟರನ್ನೂ ಬಿಡುವುದಿಲ್ಲ." ಊಟಕ್ಕೆ ಕೂತಾಗ ಪೂವಪ್ಪ ತಾನೇ ಸೌಟು ಹಿಡಿದು ಬಂದ. ಏನೂ ಕೇಳಲಿಲ್ಲ. ಎಲೆಗೆ ಪಾಯಸ ಹಾಕಿ, ಮುಖ ನೋಡಿ, ಮುಂದಿನ ಎಲೆಗೆ ಹೋದ. ಮಧ್ವರಾಜ ಅವನನ್ನು ಬೇಗ ಕಳಿಸಲೆಂದು ಇದ್ದದ್ದನ್ನು ಗಟಗಟ ಕುಡಿದು ಖಾಲಿ ಮಾಡುತ್ತಿದ್ದ, ಪೂವಪ್ಪ ಇಷ್ಟವಾಯಿತೆಂದು ಮತ್ತೆ ಹಾಕುತ್ತಿದ್ದ. ಮೂರು ಸಲ ಹಾಕಿಸಿಕೊಂಡ ಕತೆ ಅದು. ಕಥೆ, ಛಾಯಾಗ್ರಹಣ, ನಟನೆ, ಸಾಮಾಜಿಕ ಕಳಕಳಿ ಎಂಬ ನಾಲ್ಕು ಮನೆಗಳಲ್ಲಿ ಇಪ್ಪತ್ತೈದು ಇಪ್ಪತ್ತೈದು ಅಂಕ. ಹಿತ್ತಿಲ ಮೆಟ್ಟಿಲಿಗೆ ತೊಂಬತ್ತಮೂರು, ನೆಲಕ್ಕಿಡಬೇಡಕ್ಕೆ ಹತ್ತೊಂಬತ್ತು. ಅಕ್ಷರ ಚೆನ್ನಾಗಿದೆಯೆಂದು ಎರಡೂ ಟಿಪ್ಪಣಿ ಬರೆಯುವ ಕೆಲಸ ಮಧ್ವರಾಜನಿಗೆ ಬಂತು. ಮೊದಲನೆಯದಕ್ಕೆ: ದ್ವಿತೀಯಾರ್ಧದ ಅನಿರೀಕ್ಷಿತ ತಿರುವು, ಸೊಪ್ಪು ಮಾರುವ ಹೆಂಗಸಿನ ಮೌನ, ಕನ್ನಡ ಚಿತ್ರಕ್ಕೆ ಹೊಸ ದಾರಿ. ಏಳನೆಯದಕ್ಕೆ: ದ್ವಿತೀಯಾರ್ಧದಲ್ಲಿ ನಿರ್ದೇಶಕರ ಹಿಡಿತ ಸಂಪೂರ್ಣ ತಪ್ಪಿದೆ. ಬೆಂಗಳೂರಿನ ಗಡ್ಡದವನು ಬಹುಮಾನದ ದಿನ ಬಂದು ಟಿಪ್ಪಣಿಯನ್ನು ಓದದೆಯೇ ಜೇಬಿಗೆ ಹಾಕಿಕೊಂಡು ಹೋದ. ಮರುದಿನ ಬೆಳಿಗ್ಗೆ ಮಧ್ವರಾಜ ಒಬ್ಬನೇ ಶಾಲೆಗೆ ಹೋಗಿ, ಎಂಟು ಡಬ್ಬ ತೆರೆದು, ಸುರುಳಿಯ ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೂಲಿಯನ್ನು ಕೂಲಿಯ ಜೊತೆಗೂ ವಿಧವೆಯನ್ನು ವಿಧವೆಯ ಜೊತೆಗೂ ಸೇರಿಸಿ ಹಿಂದಕ್ಕೆ ಕಳಿಸಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಆಫೀಸಿನಲ್ಲೂ ಮಾಡಿದವನಲ್ಲ.

ಹತ್ತು ಗಂಟೆಗೆ ಅವನು ಧೈರ್ಯ ಮಾಡಿ ಒಂದರ ಮುಂದೆ 'ನೆಲಕ್ಕಿಡಬೇಡ' ಎಂದು ಬರೆದ. ಬರೆದು ನೋಡಿದರೆ ಅದು ಇನ್ನೂ ಕೆಟ್ಟದಾಗಿ ಕಂಡಿತು. ಯಾಕೆಂದು ಬರೆಯದೆ ಏಳನೆಯದನ್ನು ಒಂದಕ್ಕೆ ತಂದರೆ, ಏಳು ವರ್ಷಕ್ಕೆ ಪಾಯಸ ಕೆಲಸ ಮಾಡಿತು ಎಂದು ಕೂಟದವರು ನಗುತ್ತಾರೆ. ಯಾಕೆಂದು ಬರೆದರೆ, ಸತ್ತುಹೋದ ಪ್ರಿನ್ಸಿಪಾಲರು ವಿಧವೆಗೂ ಕೂಲಿಗೂ ವ್ಯತ್ಯಾಸ ತಿಳಿಯದವರಾಗುತ್ತಾರೆ. ಪ್ರಿನ್ಸಿಪಾಲರ ಮರ್ಯಾದೆಯ ಯೋಚನೆ ಬಂದದ್ದಕ್ಕೆ ಅವನಿಗೆ ಒಂದು ಕ್ಷಣ ತನ್ನ ಬಗ್ಗೆ ಒಳ್ಳೆಯದೆನಿಸಿತು. ಮರುಕ್ಷಣ ಅದು ತನ್ನ ಮರ್ಯಾದೆಯ ಯೋಚನೆಯೆಂದು ತಿಳಿದು ಅಸಹ್ಯವಾಯಿತು. ಅಚ್ಚಾಗುವ ಮೊದಲು ಪೂವಪ್ಪನಿಗೆ ಹೇಳಬೇಕು. ಅವನ ಹತ್ತಿರ ಪ್ರಿಂಟು ಇರುತ್ತದೆ, ಕೂಟ ಇನ್ನೊಮ್ಮೆ ತೋರಿಸಲಿ, ಸರಿಯಾದ ಕ್ರಮದಲ್ಲಿ, ಮನುಷ್ಯರ ಎದುರು. ಈ ಯೋಚನೆ ಬಂದದ್ದೇ ಅವನು ಚಪ್ಪಲಿ ಮೆಟ್ಟಿದ. "ಪೂವಪ್ಪನ ಹತ್ರ ಹೋಗಿ ಬರ್ತೇನೆ," ಎಂದಾಗ ವನಮಾಲಾ, "ಬರುವಾಗ ಗೋಳಿಬಜೆ ಕಟ್ಟಿಸಿಕೊಂಡು ಬನ್ನಿ," ಎಂದಳು.

ಸ್ಲೋ ಗಾಡಿಯಲ್ಲಿ ಸೀಟೇ ಸಿಕ್ಕಿತು. ಮುಂಬ್ರಾ ದಾಟುವವರೆಗೆ ಅವನು ಹೇಳಬೇಕಾದದ್ದನ್ನು ನಾಲ್ಕು ರೀತಿಯಲ್ಲಿ ಮನಸ್ಸಿನಲ್ಲಿ ಹೇಳಿಕೊಂಡ. ಮಹಿಳಾ ವಿಭಾಗದ ರಂಗೋಲಿಯ ಮೇಲೆ ಹಾಕುವುದು ಎಲ್ಲಕ್ಕಿಂತ ಚೆನ್ನಾಗಿತ್ತು. ಪ್ರೊಜೆಕ್ಟರಿನವನಿಗೆ ಕನ್ನಡ ಬರುತ್ತಿರಲಿಲ್ಲ ಎನ್ನುವುದೂ ತಕ್ಕಮಟ್ಟಿಗಿತ್ತು. ಸತ್ಯಕ್ಕೆ ಎಷ್ಟು ಉದಾರವಾಗಿ ಅಂಕ ಹಾಕಿದರೂ ಮೂರನೆಯ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಏಳು ವರ್ಷದಿಂದ ಥಾಣೆಗೆ ಬಂದಾಗಲೆಲ್ಲ ಅವನು ನೌಪಾಡಾದ ಆ ರಸ್ತೆ ತಪ್ಪಿಸಿ ಕೆರೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದ. ಆದರೂ ಮದುವೆ ಮುಂಜಿಗಳಲ್ಲಿ ಪೂವಪ್ಪ ಸಿಕ್ಕಿ ದೂರದಿಂದಲೇ ಕೈ ಮುಗಿಯುತ್ತಿದ್ದ, ಆ ಕೈಮುಗಿತದಲ್ಲಿ ಒಂದಿಷ್ಟು ವ್ಯಂಗ್ಯವಿದ್ದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಮಧ್ವರಾಜ ಹುಡುಕಿ ಹುಡುಕಿ ಸೋತಿದ್ದ. "ಕಹಾಂ ಉತರೇಂಗೆ?" ಎಂದು ಎದುರು ನಿಂತವನು ಇಳಿಯುವ ಸ್ಟೇಷನ್ ಕೇಳಿದ. ಥಾಣೆ ಎಂದದ್ದೇ ತಡ, ಅವನು ಇನ್ನೂ ಕೂತಿರುವಾಗಲೇ ಆ ಸೀಟು ಮೂವರ ನಡುವೆ ತೀರ್ಮಾನವಾಗಿ, ಒಬ್ಬ ಅವನ ಮೊಣಕಾಲ ಮೇಲೆ ಚೀಲವನ್ನೂ ಇಟ್ಟ. ಕಳವಾ ಬರುವ ಮೊದಲೇ ಮಧ್ವರಾಜ ಎದ್ದು ಬಾಗಿಲಿಗೆ ಹೋಗಿ ನಿಂತ.

ಪೂವಪ್ಪ ಗಲ್ಲೆಯಲ್ಲಿ ಕೂತಿದ್ದವನು ಇವನನ್ನು ಕಂಡು ಎದ್ದೇ ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬನ್ನಿ ಬನ್ನಿ ರಾಯರೇ. ಎಷ್ಟು ವರ್ಷ ಆಯ್ತು ಮಾರಾಯ್ರೆ ನೀವು ಈ ಕಡೆ ಬಾರದೆ. ಕೂತುಕೊಳ್ಳಿ, ಫ್ಯಾನಿನ ಅಡಿಗೆ." ಬೇಡವೆಂದರೂ ಕೇಳದೆ ಗೋಳಿಬಜೆಯ ತಟ್ಟೆ ತಂದಿಟ್ಟ. ಮಧ್ವರಾಜ ಸ್ಮರಣ ಸಂಚಿಕೆಯ ವಿಷಯ ಹೇಳಿದ. ಗಾಡಿಯಲ್ಲಿ ತಯಾರು ಮಾಡಿದ ನಾಲ್ಕರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ನಿಮ್ಮ ಸಿನಿಮಾದ ಪ್ರಿಂಟು ಉಂಟಲ್ಲ? ಅದನ್ನು ಕೂಟದಲ್ಲಿ ಇನ್ನೊಮ್ಮೆ ತೋರಿಸುವ ಅಂತ."

"ಅರ್ಧ ಉಂಟು," ಎಂದ ಪೂವಪ್ಪ.

"ಅರ್ಧ?"

"ಒಂದನೇ ಡಬ್ಬ, ಎರಡನೇ ಡಬ್ಬ ಉಪ್ಪಿನಕಾಯಿ ಭರಣಿ ಇಡುವ ಅಟ್ಟದಲ್ಲಿ ಉಂಟು. ಇನ್ನೆರಡು ನಾನೇ ತೆಗೆದು ಹಾಕಿದೆ. ಮೇಲೆ ಬನ್ನಿ, ತೋರಿಸ್ತೇನೆ."

ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ತಾರಸಿ. ಡಿಸೆಂಬರಿನ ಒಳ್ಳೆಯ ಬಿಸಿಲು. ಹಳೆಯ ಸೀರೆಗಳ ಮೇಲೆ ನೂರಾರು ಹಪ್ಪಳ ಹರಡಿತ್ತು, ಒಂದು ಬದಿಯಲ್ಲಿ ಪೂವಪ್ಪನ ಹೆಂಡತಿ ಶ್ರೀಮತಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಮಗುಚುತ್ತಿದ್ದಳು. ಹಪ್ಪಳದ ಮೇಲೆ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗಗಳಲ್ಲಿ ಉದ್ದುದ್ದ ಪಟ್ಟಿಗಳು ಜೋತಾಡುತ್ತ, ಗಾಳಿಗೆ ತಿರುಗಿ ತಿರುಗಿ ಹೊಳೆಯುತ್ತಿದ್ದವು. ಪಕ್ಕದ ಕಟ್ಟಡದ ತುದಿಯಲ್ಲಿ ಕಾಗೆಗಳು ಸಾಲಾಗಿ ಕೂತು ಇತ್ತ ಬರಲು ಧೈರ್ಯವಿಲ್ಲದೆ ನೋಡುತ್ತಿದ್ದವು. ಮಧ್ವರಾಜನಿಗೆ ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಪಟ್ಟಿಯನ್ನು ಹಿಡಿದು ಬೆಳಕಿಗೆ ಎತ್ತಿದ. ಏಳು ಮಳೆಗಾಲ ಅದರ ಮೇಲೆ ಸುರಿದಿದ್ದವು. ಫಿಲ್ಮಿನ ಅಂಚಿನ ತೂತುಗಳು ಹಾಗೇ ಇದ್ದವು. ನಡುವೆ ಏನೂ ಇರಲಿಲ್ಲ, ಆಚೆಯ ಆಕಾಶ ಕಾಣುತ್ತಿತ್ತು.

"ಕಾಗೆಗೆ ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ," ಎಂದ ಪೂವಪ್ಪ. "ನೀವು ಅವತ್ತು ಬರೆದ್ರಲ್ಲ, ಸೆಕೆಂಡ್ ಹಾಫಿನಲ್ಲಿ ಹಿಡಿತ ತಪ್ಪಿದೆ ಅಂತ. ಮೊದಲು ನನಗೆ ಬೇಜಾರಾಯ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಂದು ಪ್ರೊಜೆಕ್ಟರ್ ತಂದು ನಾನೊಬ್ಬನೇ ಕೂತು ನೋಡಿದೆ. ನಿಮ್ಮ ಮಾತು ತಲೆಯಲ್ಲಿ ಉಂಟಲ್ಲ, ನೋಡ್ತಾ ನೋಡ್ತಾ ನನಗೂ ಗೊತ್ತಾಯ್ತು. ಹೌದು, ತಪ್ಪಿದೆ. ಓದಿದವರು ಸುಮ್ಮನೆ ಬರೆಯುವುದಿಲ್ಲ. ಮೊದಲನೇ ಅರ್ಧ ಇರ್ಲಿ, ಇದು ಬೇಡ ಅಂತ ತೆಗೆದೆ. ಇವಳಿಗೂ ತೋರಿಸ್ಲಿಲ್ಲ. ಅವಳೇ ಪಾರ್ಟು ಮಾಡಿದ್ದಳು ಅದರಲ್ಲಿ, ಕೊನೆಗೆ ಸೊಪ್ಪಿನವಳು. ಕೆಟ್ಟದ್ದನ್ನು ತೋರಿಸಿ ಯಾಕೆ ಬೇಜಾರು ಮಾಡುವುದು ಅಲ್ವಾ? ನಿಜ ಹೇಳ್ತೇನೆ ರಾಯರೇ, ನೀವು ಹೇಳದಿದ್ರೆ ನಾನು ಅದನ್ನೇ ಒಳ್ಳೇದು ಅಂದುಕೊಂಡು ಇನ್ನೊಂದು ತೆಗೆದು ಮೂರ್ಖ ಆಗ್ತಿದ್ದೆ."

ಮಧ್ವರಾಜ ಶ್ರೀಮತಿಯ ಕಡೆ ನೋಡಿದ. ಹಪ್ಪಳ ಮಗುಚಲು ಬಗ್ಗಿದ ಆ ಕತ್ತು ಅವನಿಗೆ ಗೊತ್ತಿತ್ತು. ತಾರಸಿಯ ಗೋಡೆಯ ಮೇಲೆ ಕೂತುಬಿಟ್ಟ. ಆಮೇಲೆ ಹೇಳಿದ. ಲುಂಗಿಯ ಚಿಂದಿ, ಅರಿಸಿನದ ದಾರ, ಪ್ರಿನ್ಸಿಪಾಲರ ಕೈ, ಕಿಟಕಿಯ ಬೆಳಕು, ಎಲ್ಲವನ್ನೂ, ಕ್ರಮ ತಪ್ಪಿ, ಹಿಂದುಮುಂದಾಗಿ ಹೇಳಿದ. "ನಾವು ಏಳನೇ ಸ್ಥಾನ ಕೊಟ್ಟದ್ದು ನಿಮ್ಮದಕ್ಕಲ್ಲ ಪೂವಪ್ಪ. ನಿಮ್ಮ ಈ ಎರಡು ಡಬ್ಬಕ್ಕೆ ಮೊದಲನೇ ಬಹುಮಾನ ಕೊಟ್ಟದ್ದು. ಹೆಸರು ಮಾತ್ರ ಬೇರೆಯವರದ್ದು. ನನಗೆ ಅವತ್ತೇ ಗೊತ್ತಿತ್ತು. ನಾನು ಹೇಳ್ಲಿಲ್ಲ." ಈಗ ಇವನು ಹೊಡೆಯಬಹುದು, ಹೊಡೆಯಲಿ ಎಂದುಕೊಂಡ. ಬೈಯಬಹುದು, ಕೂಟಕ್ಕೆ ಬಂದು ಎಲ್ಲರೆದುರು ಕೂಗಬಹುದು. ಅಳದಿದ್ದರೆ ಸಾಕು ಎಂದು ಬೇಡಿಕೊಂಡ.

ಪೂವಪ್ಪನ ಕೈ ಹತ್ತಿರದ ಪಟ್ಟಿಯೊಂದನ್ನು ಹಿಡಿದು ಬೆರಳಿಗೆ ಸುತ್ತುತ್ತಿತ್ತು. ಕೆಳಗಿನಿಂದ ಯಾರೋ ಮರಾಠಿಯಲ್ಲಿ ಸಕ್ಕರೆಯ ಗೋಣಿ ಬಂದಿದೆಯೆಂದು ಕೂಗಿದರು; ಅವನಿಗೆ ಕೇಳಿದಂತೆ ಕಾಣಲಿಲ್ಲ.

"ಸೇತುವೆ ಮೇಲೆ ಅವ ಹೆಗಲು ಬದಲಿಸ್ತಾನಲ್ಲ," ಎಂದ ಕೊನೆಗೆ, ಬೇರೆಯೇ ಸ್ವರದಲ್ಲಿ. "ಅದು ನೋಡಿದ್ರಾ ನೀವು?"

"ನೋಡಿದೆ."

"ಅಂಬರನಾಥದಲ್ಲಿ? ಅವ ಹೊರಗೆ ನಿಂತದ್ದು?"

"ಒಳಗಿನಿಂದ ಒಂದು ಮುದುಕಿ ಬಂದು ಅವನ ಹಣೆಗೆ ವಿಭೂತಿ ಹಚ್ಚಿ ಹೋಗ್ತಾಳೆ. ಅವನಿಗೆ ಕೈ ಮುಗಿಲಿಕ್ಕೆ ಆಗುವುದಿಲ್ಲ. ಕೈ ಎರಡೂ ಮೂಟೆ ಮೇಲೆ ಉಂಟು."

"ಆ ಮುದುಕಿ ನಾವು ಹೇಳಿ ಮಾಡಿಸಿದ್ದಲ್ಲ," ಎಂದ ಪೂವಪ್ಪ. "ಅವಳು ನಿಜವಾಗಿ ಬಂದದ್ದು. ನಾನು ಕ್ಯಾಮೆರಾ ನಿಲ್ಲಿಸ್ಲಿಲ್ಲ. ಅದು ನಿಮಗೆ ನೆನಪುಂಟಾ?" ಅವನು ಮುಖ ಆಚೆ ತಿರುಗಿಸಿ, ಹೆಂಡತಿಯನ್ನು ತುಳುವಿನಲ್ಲಿ ಕರೆದ: ಹಪ್ಪಳ ಹಾಗೇ ಇರಲಿ, ಇಲ್ಲಿ ಬಾ, ಇವರು ನಮ್ಮ ಸಿನಿಮಾ ಕೊನೆಯವರೆಗೆ ನೋಡಿದ್ದಾರಂತೆ.

ಶ್ರೀಮತಿ ಉದ್ದಿನ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಜೋತಾಡುವ ಪಟ್ಟಿಗಳನ್ನು ತಲೆಯಿಂದ ಸರಿಸಿಕೊಂಡು ಬಂದು ಮಧ್ವರಾಜನ ಎದುರು ನಿಂತಳು. ನಾಚಿಕೆಯಿಂದ ಗಂಡನ ಮುಖ ನೋಡಿದಳು, ಮತ್ತೆ ಇವನ ಮುಖ.

"ಹೌದಾ?" ಎಂದಳು. "ನಾನು ಹೇಗೆ ಮಾಡಿದ್ದೆ?"